ನೀರಿನ ಹಂಗು

‘ಯಾರ ಹಂಗೂ ಬೇಡ’ ಎನ್ನುವ ಮಾತನ್ನು ದಿನಕ್ಕೊಮ್ಮೆಯಾದರೂ ಕೇಳುತ್ತ ಬೆಳೆದವನು ನಾನು. ನಮ್ಮ ತಂದೆ ಪಕ್ಕದ ಮನೆಯಿಂದ ಒಂದು ಹಾರೆ ತಂದರೂ ಸಂಜೆಯೊಳಗೆ ಅದನ್ನು ತೊಳೆದು ಹಿಂದಕ್ಕೆ ಮುಟ್ಟಿಸದೆ ಊಟಕ್ಕೆ ಕೂರುತ್ತಿರಲಿಲ್ಲ. ಸಾಲವಿಲ್ಲದವನು, ಯಾರ ಮುಂದೂ ಕೈಯೊಡ್ಡದವನು, ತನ್ನ ಪಾಡಿಗೆ ತಾನಿರುವವನು ಮರ್ಯಾದಸ್ಥ ಎಂಬುದು ತೀರ್ಥಹಳ್ಳಿಗೂ ಆಗುಂಬೆಗೂ ನಡುವಣ ನಮ್ಮ ಹಳ್ಳಿಯ ನಂಬಿಕೆ. ವಿನಯವೆಂದರೂ ಅದೇ ಎಂದು ನಾನು ತಿಳಿದಿದ್ದೆ. ಅದು ವಿನಯವಲ್ಲ, ಕೆಲವು ಸಲ ಅದಕ್ಕೆ ತೀರ ವಿರುದ್ಧವಾದದ್ದು ಎಂಬ ಅನುಮಾನ ನನ್ನಲ್ಲಿ ಹುಟ್ಟಿದ್ದು ಆಳಂದದಲ್ಲಿ, ಒಂದು ಬಾವಿಯ ದೆಸೆಯಿಂದ.

1985ರಲ್ಲಿ ಪದವಿಪೂರ್ವ ಕಾಲೇಜಿನ ಭೂಗೋಳದ ಉಪನ್ಯಾಸಕನಾಗಿ ನನಗೆ ಆಳಂದಕ್ಕೆ ಆದೇಶ ಬಂದಾಗ ಊರಿನಲ್ಲಿ ಸಂತೋಷಪಟ್ಟವರಿಗಿಂತ ಮರುಗಿದವರೇ ಹೆಚ್ಚು. ಆಗಿನ ಗುಲ್ಬರ್ಗ ಜಿಲ್ಲೆ ಎಂದರೆ ನಮ್ಮ ಕಡೆಯ ನೌಕರರ ಬಾಯಲ್ಲಿ ಶಿಕ್ಷೆಗೆ ಇನ್ನೊಂದು ಹೆಸರು. (ಅದು ಕಲಬುರಗಿಯಾದದ್ದು 2014ರ ನವೆಂಬರಿನಲ್ಲಿ. ನಾನು ಹಳೆಯ ರೂಢಿಯವನು. ನಾಲಗೆ ಈಗಲೂ ಆಗಾಗ ಜಾರುತ್ತದೆ.) ‘ಎರಡು ವರ್ಷ ಹಲ್ಲು ಕಚ್ಚಿಕೊಂಡಿರು, ಆಮೇಲೆ ಯಾರನ್ನಾದರೂ ಹಿಡಿದು ವಾಪಸು ಬಂದುಬಿಡು’ ಎಂದು ನಮ್ಮ ಸೋದರಮಾವ ಹೇಳಿದ್ದು ನೆನಪಿದೆ. ಹಾಗೆ ಹಲ್ಲು ಕಚ್ಚಿಕೊಂಡೇ ನಾನು ಗುಲ್ಬರ್ಗದಲ್ಲಿ ರೈಲಿಳಿದು, ನಲವತ್ತು ಕಿಲೋಮೀಟರ್ ಆಚೆಯ ಆಳಂದದ ಬಸ್ಸು ಹತ್ತಿದೆ. ಹೆಂಡತಿಯೂ ಎರಡು ಟ್ರಂಕುಗಳೂ ಜೊತೆಗಿದ್ದವು.

ಒಂದೇ ರಾಜ್ಯ, ಕಾಗದದ ಮೇಲೆ ಒಂದೇ ಭಾಷೆ. ಅದನ್ನು ಪರದೇಶವೆಂದು ಹೇಗೆ ಹೇಳುವುದು? ಆದರೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ನಮ್ಮೊಡನೆ ಸೇರಿದ ಸೀಮೆ ಅದು. ಉರ್ದು ಶಾಲೆಯಲ್ಲಿ ಕಲಿತ ಮುದುಕರು ಆಗ ಇನ್ನೂ ಇದ್ದರು. ಅತ್ತ ಉಮರ್ಗಾದ ಮರಾಠಿ, ಇತ್ತ ದಖನಿ, ನಡುವೆ ನಾನು ಅದುವರೆಗೆ ಕೇಳದಿದ್ದ ಕನ್ನಡ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟರಲ್ಲಿ ಮೂರು ಭಾಷೆಗಳು ಕಿವಿಯ ಮೇಲೆ ಬೀಳುತ್ತಿದ್ದವು. ನನ್ನ ಮಾತನ್ನು ಅವರು ‘ಪುಸ್ತಕದ ಕನ್ನಡ’ ಎನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ! ರಾಗವಿದ್ದದ್ದು ಅವರ ಮಾತಿನಲ್ಲಲ್ಲ, ನನ್ನ ಮಾತಿನಲ್ಲಿ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಹೊರಗಿನಿಂದ ಬಂದವರು ಆ ನೆಲಕ್ಕೆ ಹೊಸಬರಲ್ಲ. ದಿಲ್ಲಿಯಿಂದ ಹೊರಟ ಖ್ವಾಜಾ ಬಂದೇ ನವಾಜರು 1400ರ ಸುಮಾರಿಗೆ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಗುಲ್ಬರ್ಗಕ್ಕೆ ಬಂದರು. 1422ರಲ್ಲಿ ಅಲ್ಲಿಯೇ ಮಣ್ಣಾದರು. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಊರಿನ ಎಲ್ಲ ಜಾತಿಯವರೂ ಹರಕೆ ಹೊರುವುದನ್ನು ನಾನು ಮೊದಲ ವರ್ಷವೇ ಕಂಡೆ. ಬಂದವರು ಸಂತರೋ ಮೇಷ್ಟರೋ ಎಂಬ ವ್ಯತ್ಯಾಸ ದೊಡ್ಡದೇ ಇರಬಹುದು. ಆದರೆ ಬಂದವರು ಹಿಂದಿರುಗಿ ಹೋಗುವ ಬಸ್ಸಿನ ವೇಳಾಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದರೋ ಇಲ್ಲವೋ ಎಂಬುದು ಅದಕ್ಕಿಂತ ದೊಡ್ಡ ವ್ಯತ್ಯಾಸ. ನಾನು ಇಟ್ಟುಕೊಂಡು ಬಂದಿದ್ದೆ.

ಇನ್ನು ನೀರಿನ ಮಾತು. ನನ್ನ ಹಳ್ಳಿಯ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ನಮ್ಮ ಮನೆಯ ಹಿಂದಿನ ಗುಡ್ಡದಿಂದ ಅಡಕೆ ದಬ್ಬೆಯಲ್ಲಿ ಇಳಿದು ಬರುವ ಅಬ್ಬಿ ನೀರು ಹಗಲೂ ರಾತ್ರಿಯೂ ಬಚ್ಚಲ ಪಕ್ಕದ ಕಲ್ಲುಮರಿಗೆಗೆ ಬಿದ್ದು, ತುಂಬಿ, ತೋಟಕ್ಕೆ ಹರಿದುಹೋಗುತ್ತಿತ್ತು. ಅದನ್ನು ನಿಲ್ಲಿಸುವ ಉಪಾಯ ನಮಗೆ ಗೊತ್ತಿರಲಿಲ್ಲ, ನಿಲ್ಲಿಸಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ. ನೀರು ಬೀಳುವ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕಲಬುರಗಿ ಸೀಮೆಯಲ್ಲಿ ವರ್ಷದ ಮಳೆ ಏಳುನೂರು, ಎಂಟುನೂರು ಮಿಲಿಮೀಟರಿನ ಆಚೀಚೆ. ಅದೂ ಒಮ್ಮೆ ಬಂದರೆ ಬಂತು. ಈ ಅಂಕಿಗಳನ್ನು ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ಪಾಠ ಮುಗಿಸಿ ಮನೆಗೆ ಬಂದು ನಾಲ್ಕು ಬಕೆಟ್ಟು ನೀರು ಸ್ನಾನ ಮಾಡುತ್ತಿದ್ದೆ.

ನಾವು ಬಾಡಿಗೆಗೆ ಹಿಡಿದ ಮನೆಯ ಮಾಲೀಕರು ಸೊಲ್ಲಾಪುರದಲ್ಲಿದ್ದರು. ಮನೆಗೆ ನೀರಿನ ಅನುಕೂಲವಿರಲಿಲ್ಲ. ಪಕ್ಕದ ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಸೇದುವ ಬಾವಿಯೊಂದಿತ್ತು. ನಾವೂ ಸೇರಿ ಐದು ಮನೆಯವರು ಅಲ್ಲಿ ನೀರು ಸೇದುತ್ತಿದ್ದೆವು. ಆ ಮನೆಯ ಯಜಮಾನಿ ಅರುವತ್ತರ ಹತ್ತಿರದ ವಿಧವೆ. ಓಣಿಗೆಲ್ಲ ಆಕೆ ‘ಅವ್ವ’. ಮಗ ಹೊಲ ನೋಡಿಕೊಳ್ಳುತ್ತಿದ್ದ. ಬಾವಿಗೆ ಬರೆದಿಟ್ಟ ಕಟ್ಟಳೆ ಯಾವುದೂ ಇರಲಿಲ್ಲ. ಆದರೆ ಹಗ್ಗವೇ ಒಂದು ಕಟ್ಟಳೆಯಾಗಿತ್ತು. ಮಾಘ ಕಳೆದ ಮೇಲೆ ಒಂದು ದಿನ ಅವ್ವ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟುತ್ತ, ‘ನೀರು ಎರಡು ಮೊಳ ಕೆಳಗ ಹೋಗ್ಯಾವ’ ಎನ್ನುತ್ತಿದ್ದರು. ಅಷ್ಟೇ. ಮರುದಿನದಿಂದ ಪ್ರತಿ ಮನೆಯವರೂ ಒಂದೊಂದು ಕೊಡ ಕಡಿಮೆ ಒಯ್ಯುತ್ತಿದ್ದರು. ಪಾತ್ರೆಯನ್ನು ಬೂದಿಯಲ್ಲಿ ಒಣಗಾಗಿಯೇ ತಿಕ್ಕಿ, ಒರೆಸಿ, ಕೊನೆಗೆ ಒಂದು ಸಲ ನೀರು ತೋರಿಸುತ್ತಿದ್ದರು. ಆ ನೀರು ಎಮ್ಮೆಯ ಬಾನಿಗೆ. ಬಚ್ಚಲ ನೀರು ನುಗ್ಗಿಯ ಗಿಡಕ್ಕೆ. ಸೇದುವವರ ರಟ್ಟೆಗೆ ಬಾವಿಯ ಆಳ ಗೊತ್ತಿರುತ್ತದೆ. ಬೇಸಿಗೆ ಬಂದಂತೆಲ್ಲ ಕೊಡ ಭಾರವಾಗುತ್ತ ಹೋಗುತ್ತದೆ.

ಇದನ್ನೆಲ್ಲ ಈಗ ಮೆಚ್ಚಿಗೆಯಿಂದ ಬರೆಯುತ್ತಿದ್ದೇನೆ. ಆಗ ನಮಗೆ ಅದೊಂದು ಕಿರಿಕಿರಿಯಾಗಿತ್ತು. ನೀರಿಗೆ ಹೋದರೆ ಸರದಿಯಲ್ಲಿ ನಿಲ್ಲಬೇಕು. ನಿಂತರೆ ಮಾತಿಗೆ ಮಾತು. ‘ಇವತ್ತೇನು ಅಡಗಿ?’ ‘ಊರಿಂದ ಪತ್ರ ಬಂತೇನು?’ ‘ಮದಿವಿ ಆಗಿ ಮೂರು ವರ್ಷ ಆಯ್ತು ಅಂತೀರಿ, ಮಕ್ಕಳು ಯಾಕ ಇಲ್ಲ?’ ಈ ಕೊನೆಯ ಪ್ರಶ್ನೆ ಕೇಳಿಸಿಕೊಂಡ ದಿನ ನನ್ನ ಹೆಂಡತಿ ಖಾಲಿ ಕೊಡ ಹಿಡಿದು ಬಂದು ಅಡುಗೆಮನೆಯಲ್ಲಿ ಅತ್ತಳು. ಅವ್ವ ಕೇಳಿದ್ದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅವರ ಲೆಕ್ಕದಲ್ಲಿ ಒಂದೇ ಬಾವಿಯ ನೀರು ಕುಡಿಯುವವರ ನಡುವೆ ಅಂಥ ಮಾತು ಸಲ್ಲುತ್ತಿತ್ತು. ನಮ್ಮ ಲೆಕ್ಕದಲ್ಲಿ ಸಲ್ಲುತ್ತಿರಲಿಲ್ಲ.

ಅವ್ವ ವಾರಕ್ಕೆರಡು ಸಲ ಡಬ್ಬಿಯಲ್ಲಿ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಳಿಸುತ್ತಿದ್ದರು. ನಾವು ಅದೇ ಸಂಜೆ ಡಬ್ಬಿ ತೊಳೆದು ಸಕ್ಕರೆಯನ್ನೋ ಬಾಳೆಹಣ್ಣನ್ನೋ ಇಟ್ಟು ಹಿಂದಿರುಗಿಸುತ್ತಿದ್ದೆವು. ನಮ್ಮ ತಂದೆಯ ಪಾಠ. ಒಂದು ಸಂಜೆ ಅವ್ವ ಡಬ್ಬಿ ತೆರೆದು ನೋಡಿ, ನಗುತ್ತಲೇ, ‘ಸರ್ರ, ಊರು ಬಿಟ್ಟು ಹೊಂಟವ್ರು ಲೆಕ್ಕ ಚುಕ್ತಾ ಮಾಡ್ತಾರ್ರಿ. ನೀವು ದಿನಾ ಚುಕ್ತಾ ಮಾಡ್ತೀರಲ್ಲ, ಎಲ್ಲಿಗಿ ಹೊಂಟೀರಿ?’ ಎಂದರು. ನಾನೂ ನಕ್ಕೆ. ಆ ಮಾತಿನ ಅರ್ಥ ಆಗಬೇಕಾದಾಗ ಆಗಲಿಲ್ಲ. ಇರುವವರ ನಡುವೆ ಯಾವಾಗಲೂ ಒಂದಷ್ಟು ಬಾಕಿ ಇರಬೇಕು. ಬಾಕಿ ಉಳಿದಷ್ಟು ದಿನ ಹೋಗಿಬರುವ ದಾರಿ ತೆರೆದಿರುತ್ತದೆ. ನಾನು ಪ್ರತಿದಿನ ಸಂಜೆ ಆ ದಾರಿಯನ್ನು ಮುಚ್ಚಿ ಚಿಲಕ ಹಾಕುತ್ತಿದ್ದೆ. ಅದನ್ನು ಸೌಜನ್ಯವೆಂದು ತಿಳಿದಿದ್ದೆ.

1986ರ ಆರಂಭದಲ್ಲಿ ತಮಿಳುನಾಡಿನ ತಿರುಚೆಂಗೋಡಿನ ಬೋರ್‌ವೆಲ್ ಗಾಡಿಯೊಂದು ಆಳಂದಕ್ಕೆ ಬಂದು ನಿಂತಿತು. ಆ ಕಾಲದಲ್ಲಿ ಆ ಗಾಡಿಗಳು ದೇಶವೆಲ್ಲ ಸುತ್ತುತ್ತಿದ್ದವು. ಸೊಲ್ಲಾಪುರದ ಮಾಲೀಕರಿಗೆ ಪತ್ರ ಬರೆದೆ. ‘ಹಾಕಿಸಿಕೊಳ್ಳಿ, ಅರ್ಧ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಿ’ ಎಂದು ಉತ್ತರ ಬಂತು. ಒಂದು ಇಡೀ ರಾತ್ರಿ ಓಣಿಯವರ ನಿದ್ದೆ ಕೆಡಿಸಿ ಆ ಯಂತ್ರ ನೂರಾ ಅರುವತ್ತು ಅಡಿ ಇಳಿಯಿತು. ಬೆಳಗಿನ ಜಾವಕ್ಕೆ ನೀರು ಚಿಮ್ಮಿದಾಗ ಅವ್ವನೇ ಬಂದು ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಸಿದರು. ನನ್ನ ಹೆಂಡತಿ ಅಂದು ಎಷ್ಟೋ ತಿಂಗಳ ಮೇಲೆ ತಲೆತುಂಬ ನೀರು ಹಾಕಿಕೊಂಡಳು. ರಾತ್ರಿ ನಲ್ಲಿಯನ್ನು ಸ್ವಲ್ಪ ತೆರೆದಿಟ್ಟು, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತ ನಾನು ಮಲಗಿದೆ. ಇನ್ನು ಯಾರ ಹಂಗೂ ಇಲ್ಲ ಎಂದುಕೊಂಡೆ.

1987ರ ಚೈತ್ರದಲ್ಲಿ ಅವ್ವನ ಬಾವಿ ಬತ್ತಿತು.

ನನ್ನ ಬೋರಿನಿಂದಲೇ ಬತ್ತಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹಿಂದಿನ ವರ್ಷದ ಮಳೆ ಚೆನ್ನಾಗಿರಲಿಲ್ಲ. ಆ ವರ್ಷದ ಮುಂಗಾರಂತೂ ದೇಶದ ತುಂಬ ಕೈಕೊಟ್ಟಿತು. ಊರಿನಲ್ಲಿ ಬೇರೆ ಬಾವಿಗಳೂ ತಳ ಕಂಡವು. ಈ ಎಲ್ಲ ಸಮಾಧಾನಗಳನ್ನು ನಾನು ನನಗೆ ಹೇಳಿಕೊಂಡಿದ್ದೇನೆ. ಆದರೆ ಭೂಗೋಳ ಕಲಿಸುವವನು ತನಗೆ ತಾನು ಸುಳ್ಳು ಹೇಳಿಕೊಳ್ಳುವುದು ಕಷ್ಟ. ಆಳಂದದ ಕೆಳಗಿರುವುದು ಕಪ್ಪು ಬಸಾಲ್ಟ್ ಶಿಲೆ. ಅದರೊಳಗೆ ನೀರು ಕೆರೆಯಂತೆ ನಿಂತಿರುವುದಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಇರುತ್ತದೆ. ಸೇದುವ ಬಾವಿ ಮೇಲಿನ ಪದರದ ನೀರನ್ನು ನಂಬಿರುತ್ತದೆ. ಬೋರು ಕೆಳಗಿನ ಬಿರುಕಿನಿಂದ ಎಳೆದಾಗ ಮೇಲಿನದೂ ಅಲ್ಲಿಗೆ ಇಳಿಯುತ್ತದೆ. ಎರಡರ ನಡುವೆ ಇದ್ದದ್ದು ಮೂವತ್ತು ಹೆಜ್ಜೆ. ಹಲಗೆಯ ಮೇಲೆ ಈ ಚಿತ್ರವನ್ನು ನಾನು ಎಷ್ಟೋ ಸಲ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೆ.

ಕಾನೂನು ನನ್ನ ಕಡೆಗಿತ್ತು. ವಕೀಲ ಮಿತ್ರರೊಬ್ಬರು 1882ರ ಈಸ್‌ಮೆಂಟ್ ಕಾಯಿದೆಯ ಮಾತು ತೆಗೆದರು. ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದಡಿಯಲ್ಲಿರುವ ನೀರನ್ನು ತನ್ನ ಮೇರೆಯೊಳಗೆ ಎತ್ತಿಕೊಳ್ಳುವುದು ಭೂಮಿಯ ಒಡೆಯನ ಹಕ್ಕು ಎಂಬ ತತ್ತ್ವ ಅದರಲ್ಲಿದೆ. ಕರ್ನಾಟಕದಲ್ಲಿ ಅಂತರ್ಜಲವನ್ನು ನಿಯಂತ್ರಿಸುವ ಕಾಯಿದೆ ಬಂದದ್ದು 2011ರಲ್ಲಿ. ಅಂದರೆ ನಾನು ತಪ್ಪಿತಸ್ಥನಲ್ಲ. ಕದ್ದಿರಲಿಲ್ಲ, ಯಾರನ್ನೂ ಬೈದಿರಲಿಲ್ಲ, ಯಾರನ್ನೂ ಏನೂ ಕೇಳಿರಲಿಲ್ಲ. ಈ ಕೊನೆಯದೇ ನನ್ನನ್ನು ಈಗಲೂ ಕಾಡುವುದು. ಯಾರನ್ನೂ ಏನೂ ಕೇಳದೆ ತೆಗೆದುಕೊಳ್ಳುವ ಅನುಕೂಲವನ್ನು ನಾನು ಮಾಡಿಕೊಂಡಿದ್ದೆ. ಬಾವಿಯಿಂದ ಸೇದುತ್ತಿದ್ದಾಗ ನಾನು ಪಡೆಯುವವನೆಂಬುದು ನನಗೂ ಗೊತ್ತಿತ್ತು, ಕೊಡುವವರಿಗೂ ಗೊತ್ತಿತ್ತು. ಎಷ್ಟು ಪಡೆದೆನೆಂಬುದು ಐದು ಮನೆಗೆ ಗೊತ್ತಿತ್ತು. ಬೋರು ಬಂದ ಮೇಲೆ ನಾನು ಅದೇ ನೀರನ್ನು ಹೆಚ್ಚು ತೆಗೆದುಕೊಂಡೆ, ಆದರೆ ಪಡೆಯುವವನೆಂಬ ಅರಿವು ಹೋಯಿತು. ಹಂಗು ಹೋಗಿರಲಿಲ್ಲ. ಹಂಗಿನ ನೆನಪು ಮಾತ್ರ ಹೋಗಿತ್ತು.

ಅವ್ವ ಒಂದು ಮಾತನ್ನೂ ಆಡಲಿಲ್ಲ. ಎಂಟು ದಿನ ಊರಾಚೆಯ ಬಾವಿಯಿಂದ ತಲೆಯ ಮೇಲೆ ಹೊತ್ತು ತಂದರು. ನನ್ನ ಹೆಂಡತಿ ಹೋಗಿ, ‘ನಮ್ಮಲ್ಲಿ ನಲ್ಲಿಯಿದೆ, ಬೇಕಾದಷ್ಟು ಹಿಡಿದುಕೊಳ್ಳಿ, ಕೇಳುವುದೇ ಬೇಡ’ ಎಂದು ಕರೆದಳು. ಮಾರನೆಯ ದಿನ ಅವ್ವ ಎರಡು ಕೊಡ ಹಿಡಿದು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ‘ಯಾರ ಮನಿ ಬಾಗಿಲಿಗೂ ನೀರಿಗಂತ ಹೋಗಿದ್ದಿಲ್ಲರಿ. ಹೆಂಗ ಕೇಳಬೇಕು ತಿಳೀವಲ್ದು’ ಎಂದರು. ಅಂದಿನಿಂದ ಮಳೆ ಬರುವವರೆಗೆ ದಿನವೂ ಎರಡೇ ಕೊಡ. ಹೋಗುವಾಗ ಪ್ರತಿ ಸಲವೂ, ನಾನು ಪೇಪರು ಓದುತ್ತ ಕೂತಿದ್ದರೂ ಸರಿ, ನಿಂತು, ‘ಸರ್ರ, ಎರಡು ಕೊಡ ಒಯ್ದೀನ್ರಿ’ ಎಂದು ಹೇಳಿ ಹೋಗುತ್ತಿದ್ದರು. ಲೆಕ್ಕ ಚುಕ್ತಾ ಮಾಡುತ್ತೀರಲ್ಲ ಎಂದು ನನ್ನನ್ನು ನಕ್ಕವರು ನನಗೇ ಲೆಕ್ಕ ಒಪ್ಪಿಸುವಂತೆ ನಾನು ಮಾಡಿದ್ದೆ. ರೊಟ್ಟಿಯ ಡಬ್ಬಿ ಮತ್ತೆ ಬರಲಿಲ್ಲ. ಬಂದಿದ್ದರೆ ಅದು ನೀರಿನ ಬೆಲೆಯಾಗುತ್ತಿತ್ತೇನೋ. ಅವರಿಗೆ ಅದು ನನಗಿಂತ ಮೊದಲೇ ತಿಳಿದಿರಬೇಕು.

ಮೋಟರು ತೆಗೆಸಿಬಿಡೋಣವೆಂದು ಒಂದು ಸಲ ಹೆಂಡತಿಯೊಡನೆ ಹೇಳಿದೆ. ‘ಯಾರಿಗೆ ಉಪಕಾರ? ಈಗ ಅವರೂ ನೀರಿಲ್ಲದೆ ಸಾಯಬೇಕೆ?’ ಎಂದಳು. ಸರಿಯಾದ ಮಾತೇ. ಒಂದು ಸಲ ಆದ ತಪ್ಪು ಆಮೇಲೆ ಊರಿನ ಆಧಾರವೂ ಆಗಿಬಿಡುತ್ತದೆ.

ಇನ್ನೊಂದು ವಿಷಯ ಇಲ್ಲಿಯೇ ಹೇಳಬೇಕು. ಬೋರು ನೆಲದಲ್ಲಿ ಮಾತ್ರ ಇರುವುದಿಲ್ಲ. ನಾನು ಕುಳಿತಿದ್ದ ಕುರ್ಚಿಯೂ ಒಂದು ಬೋರೇ. ನಮ್ಮ ಕಡೆಯ ಓದಿದ ಹುಡುಗರು ಆ ಸೀಮೆಯ ಹುದ್ದೆಗಳಿಗೆ ಬರುತ್ತಿದ್ದರು. ಬಂದ ದಿನದಿಂದ ವರ್ಗಕ್ಕೆ ಅರ್ಜಿ ಹಾಕುತ್ತಿದ್ದರು. ಹೋದ ಮೇಲೆ ಕುರ್ಚಿ ಖಾಲಿ ಉಳಿಯುತ್ತಿತ್ತು. ಅಲ್ಲಿಯೇ ಹುಟ್ಟಿ ಅಲ್ಲಿಯೇ ಇರುವವರಿಗೆ ಕುರ್ಚಿಯೂ ಇಲ್ಲ, ಪಾಠವೂ ಇಲ್ಲ. ಸಂವಿಧಾನಕ್ಕೆ 2012ರಲ್ಲಿ ತಂದ ತಿದ್ದುಪಡಿಯಿಂದ 371(ಜೆ) ಬಂದು ಸ್ಥಳೀಯರಿಗೆ ನೌಕರಿಯಲ್ಲಿಯೂ ಓದಿನಲ್ಲಿಯೂ ಮೀಸಲಾತಿ ದೊರೆತಾಗ ನನ್ನ ಕಡೆಯ ಮಿತ್ರರು ಕೆಲವರು ಗೊಣಗಿದರು. ನನಗೆ ಗೊಣಗಲು ಬಾಯಿ ಬರಲಿಲ್ಲ.

1989ರಲ್ಲಿ ನನಗೆ ಅಫಜಲಪುರಕ್ಕೆ ವರ್ಗವಾಯಿತು. ಊರಿನ ಕಡೆಗಲ್ಲ, ಅದೇ ಜಿಲ್ಲೆಯೊಳಗೆ. ಆ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ, ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಭೀಮೆಯನ್ನು ಕೂಡುತ್ತಾಳೆ. ಅಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರೂ ಪರಸ್ಥಳದವರೇ. ಹುಟ್ಟಿದ್ದು ವಿದರ್ಭದ ಕಾರಂಜಾದಲ್ಲಿ, ಭಾಷೆ ಮರಾಠಿ. ಎಲ್ಲೆಲ್ಲೋ ಸುತ್ತಿ ಈ ಸಂಗಮಕ್ಕೆ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಭಿಕ್ಷಾನ್ನದಲ್ಲಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಇಂದಿಗೂ ಅಲ್ಲಿಗೆ ಹೋದ ಭಕ್ತರು ಜೋಳಿಗೆ ಹಿಡಿದು ಐದು ಮನೆ ಭಿಕ್ಷೆ ಬೇಡುತ್ತಾರೆ. ಅದಕ್ಕೆ ಮಾಧುಕರಿ ಎಂದು ಹೆಸರು. ದತ್ತನೇ ಮಧ್ಯಾಹ್ನದ ಹೊತ್ತು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬುದು ನಂಬಿಕೆ. ಹಾಗಾಗಿ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ.

ನಾನು ಭಕ್ತನಾಗಿ ಹೋದವನಲ್ಲ. ಮೊದಲ ಸಲ ನೋಡಿದಾಗ ಇದೆಂಥ ಸೋಗು ಎನ್ನಿಸಿತು ಕೂಡ. ಕಾರಿನಲ್ಲಿ ಬಂದಿಳಿದು, ಹನ್ನೆರಡಕ್ಕೆ ಜೋಳಿಗೆ ಹಿಡಿದು, ಒಂದು ಗಂಟೆಗೆ ಹೋಟೆಲಿನಲ್ಲಿ ಊಟಕ್ಕೆ ಕೂರುವವರೂ ಇದ್ದರು. ವ್ರತಕ್ಕಾಗಿ ಬೇಡುವವನ ಪಕ್ಕದಲ್ಲೇ ಹಸಿವಿಗಾಗಿ ಬೇಡುವವನೂ ಕೂತಿರುತ್ತಿದ್ದ. ಇಬ್ಬರನ್ನೂ ಒಂದೇ ಎನ್ನುವುದು ಎರಡನೆಯವನಿಗೆ ಮಾಡುವ ಅವಮಾನ. ಆದರೂ ಅಲ್ಲಿ ಪರಿಚಯವಾದ ಪುಣೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹೇಳಿದ ಮಾತು ನನ್ನೊಳಗೆ ಉಳಿದಿದೆ. ಅವರು ವರ್ಷಕ್ಕೊಂದು ತಿಂಗಳು ಬಂದು ಇರುತ್ತಿದ್ದರು. ಬೇಡುವುದು ಕಷ್ಟವಲ್ಲವಂತೆ. ಕೂಗಿದ ಮೇಲೆ ಒಳಗಿನಿಂದ ಯಾರಾದರೂ ಬರುವವರೆಗೆ ಹೊಸ್ತಿಲ ಹೊರಗೆ ನಿಂತಿರುತ್ತೀರಲ್ಲ, ಆ ಎರಡು ನಿಮಿಷವೇ ಕಷ್ಟ ಎಂದರು. ಆಗ ನಿಮ್ಮ ಪಿಂಚಣಿ, ವಿದ್ಯೆ, ಪುಣೆಯ ಮನೆ ಯಾವುದೂ ನಿಮ್ಮ ಜೊತೆಗಿರುವುದಿಲ್ಲ. ಬರುವ ಹೆಂಗಸು ರೊಟ್ಟಿ ಕೊಟ್ಟರೆ ರೊಟ್ಟಿ, ಅನ್ನವಾದರೆ ಅನ್ನ, ಮುಂದೆ ಹೋಗು ಎಂದರೆ ಮುಂದೆ. ಐದು ಮನೆ ಮುಗಿದ ಮೇಲೆ ಆರನೆಯದಕ್ಕೆ ಅವರು ಹೋಗುತ್ತಿರಲಿಲ್ಲ.

ಇದನ್ನು ಕೇಳುವಾಗ ನನ್ನ ಕಣ್ಣಮುಂದೆ ಬಂದದ್ದು ಎರಡು ಕೊಡ ಹಿಡಿದು ನಮ್ಮ ಬಾಗಿಲಲ್ಲಿ ನಿಂತ ಅವ್ವ. ಆ ಎರಡು ನಿಮಿಷ ನಿಲ್ಲಬೇಕಾಗಿದ್ದವನು ನಾನು, ಬಂದವನು. ನಿಂತವರು ಅವರು, ಅಲ್ಲಿನವರು. ಪರಸ್ಥಳಕ್ಕೆ ಹೋದವನು ಕಡಿಮೆ ಬಳಸಬೇಕು, ಸರಳವಾಗಿರಬೇಕು ಎಂದೆಲ್ಲ ಹೇಳುವುದು ಸುಲಭ; ಕಡಿಮೆ ಎಂದರೆ ಎಷ್ಟು ಎಂದು ಹೇಳಬೇಕಾದವರು ಯಾರು? ನಾನೇ ಗೆರೆ ಎಳೆದುಕೊಂಡು ನಾನೇ ಅದರೊಳಗಿದ್ದೇನೆಂದು ಮೆಚ್ಚಿಕೊಂಡರೆ ಅದು ನನ್ನ ಮನೆಯ ಆಟ. ಅಳತೆ ಕೊಡುವವರ ಕೈಯಲ್ಲಿರಬೇಕು. ಹಾಗೆ ಇರಬೇಕಾದರೆ ಕೇಳಬೇಕು. ಕೇಳುವವನಿಗೆ ‘ಇಲ್ಲ’ ಎನ್ನಬಹುದು. ಬೋರು ಹಾಕಿಸಿಕೊಂಡವನಿಗೆ ಯಾರು ‘ಇಲ್ಲ’ ಎನ್ನಬೇಕು?

ಬಡವರನ್ನು ಹೋಗಿ ಬೇಡಿದರೆ ಅವರಿಗೆ ಹೊರೆಯಲ್ಲವೆ ಎಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹೌದು, ಹೊರೆಯೇ. ಆದರೆ ಸಂಬಳದವನೊಬ್ಬ ಊರಿಗೆ ಬಂದು ನೆಲೆಸುವುದೇ ಹೊರೆ. ಅವನು ಬಂದರೆ ಬಾಡಿಗೆ ಏರುತ್ತದೆ, ಹಾಲಿನ ದರ ಏರುತ್ತದೆ, ಆಳಿನ ಕೂಲಿ ತಪ್ಪುತ್ತದೆ. ಕಾಣುವ ಹೊರೆಯನ್ನು ಇಳಿಸಿಕೊಳ್ಳಬಹುದು. ಕಾಣದ್ದು ನನ್ನ ಬೋರಿನಂತೆ ನೆಲದಡಿಯಲ್ಲಿ ಕೆಲಸ ಮಾಡುತ್ತದೆ.

ಜೇವರ್ಗಿಗೆ ನಾನು 1995ರಲ್ಲಿ ಹೋದೆ, ಕೇಳಿಕೊಂಡೇ ಹೋದೆ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟುವಾಗ, ಆಳಂದದಲ್ಲಿ ಬಿದ್ದ ಮಳೆಯ ನೀರೂ ಇದರಲ್ಲಿದೆ ಎಂದು ಹೆಂಡತಿಗೆ ಹೇಳಿದ್ದು ನೆನಪಿದೆ. ಮಗ ಆಗ ಐದು ವರ್ಷದವನು. ಅಲ್ಲಿ ಬೋರಿನ ಮನೆ ಹಿಡಿಯಲಿಲ್ಲ. ಓಣಿಯವರನ್ನು ಕೇಳಿ ನೀರು ತಂದೆವು. ಡಬ್ಬಿ ಬಂದರೆ ಎಂಟು ದಿನ ಇಟ್ಟುಕೊಂಡು, ನಮ್ಮಲ್ಲಿ ಏನಾದರೂ ಮಾಡಿದಾಗ ಕೊಡುವುದನ್ನು ಕಲಿತೆವು. ಅನ್ನ ಬಿಟ್ಟು ರೊಟ್ಟಿಗೆ ಹೊಂದಿಕೊಂಡೆವು. ಎರೆಯ ಭೂಮಿ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು, ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳವನ್ನು ಬರಿಯ ಇಬ್ಬನಿಯಲ್ಲಿ ಎಂಬಂತೆ ಬೆಳೆಸುವುದನ್ನು ಕಂಡ ಮೇಲೆ ಅಲ್ಲಿ ಕೂತು ಗದ್ದೆಯ ಅನ್ನ ಕೇಳುವುದು ಸರಿಯೆನ್ನಿಸಲಿಲ್ಲ. ಸ್ನಾನಕ್ಕೆ ಒಂದು ಬಕೆಟ್ಟು.

ಇದನ್ನೆಲ್ಲ ಸಾಧನೆಯೆಂಬಂತೆ ಒಮ್ಮೆ ತರಗತಿಯಲ್ಲಿ ಹೇಳಿಕೊಂಡೆ. ಹಿಂದಿನ ಬೆಂಚಿನ ತಾಂಡಾದ ಹುಡುಗನೊಬ್ಬ ಎದ್ದು, ‘ಸರ್ರ, ನಮ್ಮ ಮನ್ಯಾಗ ಆರು ಮಂದಿಗಿ ಎರಡು ಬಕೀಟರಿ. ಅದನ್ನ ಯಾರ ಮುಂದ ಹೇಳಬೇಕು?’ ಎಂದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆ ಹುಡುಗನ ತಂದೆತಾಯಿ ದೀಪಾವಳಿ ಕಳೆದ ಮೇಲೆ ಗುಳೆ ಹೋಗಿ ಪುಣೆಯಲ್ಲಿ ಕಲ್ಲು ಮಣ್ಣು ಹೊರುತ್ತಿದ್ದರು. ಅವರೂ ಪರಸ್ಥಳದವರೇ. ಅವರಿಗೆ ವರ್ಗದ ಅರ್ಜಿ ಇಲ್ಲ, ಅರ್ಧ ಬಾಡಿಗೆಯಲ್ಲಿ ಬೋರು ಹಾಕಿಸಿಕೊಡುವ ಮಾಲೀಕನಿಲ್ಲ. ನಾನು ಬೇಕೆಂದು ಕಲಿತ ಸರಳತೆ ಅವರಿಗೆ ಹೆಸರಿಲ್ಲದ ದಿನಚರಿ.

ನಿವೃತ್ತಿಯ ಮೇಲೆ ನಾವೀಗ ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದೇವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಒಣಗಿ ಟ್ಯಾಂಕರುಗಳ ಹಿಂದೆ ಜನ ಓಡುತ್ತಿದ್ದಾಗ, ಪಕ್ಕದ ನಿವೇಶನದ ತಗಡಿನ ಶೆಡ್ಡುಗಳಲ್ಲಿದ್ದ ಕಟ್ಟಡ ಕೆಲಸದ ಹೆಂಗಸೊಬ್ಬಳು ನಮ್ಮ ಗೇಟಿನ ಬಳಿ ನಿಂತು, ‘ಸರ್ರ, ಎರಡು ಕೊಡ ನೀರು ಕೊಡಸ್ರಿ’ ಎಂದಳು. ಆ ‘ಸರ್ರ’ ಕೇಳಿ ನಿಂತುಬಿಟ್ಟೆ. ಯಾವೂರೆಂದು ಕೇಳಿದರೆ ಜೇವರ್ಗಿ ಕಡೆ ಎಂದಳು. 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಅವರ ಬೆಳೆ ಹೋಗಿತ್ತಂತೆ, ಅಂದಿನಿಂದ ಇಲ್ಲಿ. ಹೊರಗಿನವರಿಗೆ ನೀರು ಕೊಡಬಾರದೆಂದು ನಮ್ಮ ಕಟ್ಟಡದವರು ತೀರ್ಮಾನ ಮಾಡಿಕೊಂಡಿದ್ದರು. ಎರಡು ಸಭೆಗಳಲ್ಲಿ ಜಗಳವಾಡಿ, ಬೆಳಗಿನ ಒಂದು ಗಂಟೆ ಹಿಂಬದಿಯ ನಲ್ಲಿ ತೆರೆಯುವಂತೆ ಮಾಡಿದೆ. ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ನನ್ನ ಲೆಕ್ಕದಲ್ಲಿ ಅದು ಹಳೆಯ ಬಾಕಿಗೆ ಕಟ್ಟಿದ ಬಡ್ಡಿ, ಅಸಲಲ್ಲ.

ಅದೇ ವರ್ಷದ ಡಿಸೆಂಬರ್ 30ರಂದು ಎಳ್ಳಮಾವಾಸ್ಯೆ. ಹಳೆಯ ವಿದ್ಯಾರ್ಥಿಯೊಬ್ಬರು ಚರಗಕ್ಕೆ ಹೊಲಕ್ಕೆ ಬರಲೇಬೇಕೆಂದು ಕರೆದಿದ್ದರಿಂದ ಆಳಂದಕ್ಕೆ ಹೋದೆ. ಜೋಳ ಎದೆಯೆತ್ತರ ಬೆಳೆದಿತ್ತು. ಭೂಮಿಗೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು, ಸಂಜೆ ಒಬ್ಬನೇ ಹಳೆಯ ಓಣಿಗೆ ನಡೆದೆ. ನಾವಿದ್ದ ಮನೆ ಅಂಗಡಿಯಾಗಿದೆ. ನನ್ನ ಬೋರು ಒಣಗಿ ಎಷ್ಟೋ ವರ್ಷವಾಯಿತಂತೆ. ಆ ಮಧ್ಯೆ ಓಣಿಯಲ್ಲಿ ಇನ್ನೂ ಏಳೆಂಟು ಬಿದ್ದಿವೆ. ಪಕ್ಕದ ಹಿತ್ತಲಲ್ಲಿ ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿದ್ದಾರೆ. ಅದರ ಮೇಲೆ ಮೆಣಸಿನಕಾಯಿ ಒಣಗಿತ್ತು.

ಅವ್ವ ಹೋಗಿ ಹದಿನಾರು ವರ್ಷ. ಮಗನಿಗೂ ಈಗ ಎಪ್ಪತ್ತರ ಹತ್ತಿರ. ‘ಬರ್ರಿ ಸರ್ರ, ಕುಂದ್ರಿ’ ಎಂದು ಹೋರಸು ಎಳೆದು ಹಾಕಿದರು. ತಂಬಿಗೆಯಲ್ಲಿ ನೀರು ತಂದಿಟ್ಟರು. ಬಹಳ ಹೊತ್ತು ಅದೂ ಇದೂ ಮಾತಾಡಿದ ಮೇಲೆ, ಮೂವತ್ತೇಳು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ: ಬಾವಿ ಬತ್ತಿದ್ದು ನನ್ನ ಬೋರಿನಿ‌ಂದಲೇ ಅಲ್ಲವೆ?

ಅವರು ಚಪ್ಪಡಿಯ ಕಡೆ ನೋಡಿದರು. ‘ಆ ವರ್ಷ ಎಲ್ಲಾರವೂ ಬತ್ತಿದ್ವು ಬಿಡ್ರಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮವ್ವ ನಿಮ್ಮನ್ನ ಭಾಳ ನೆನಸ್ತಿದ್ಳರಿ. ಮೇಷ್ಟ್ರು ಹೋಗುವಾಗ ಡಬ್ಬಿ ಒಂದು ಅಲ್ಲೇ ಉಳೀತು ಅಂತಿದ್ಳು’ ಎಂದರು.

ಹೌದು, ಉಳಿದಿತ್ತು. ಮುಚ್ಚಳದ ಹಿಡಿ ಕಿತ್ತುಹೋದ ಹಿತ್ತಾಳೆ ಡಬ್ಬಿ. ಈಗಲೂ ಬೆಂಗಳೂರಿನ ಅಡುಗೆಮನೆಯಲ್ಲಿ ಸಾಸಿವೆ ತುಂಬಿಕೊಂಡು ಕೂತಿದೆ. ತಂದುಕೊಡುತ್ತೇನೆ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ತಂಬಿಗೆ ಖಾಲಿಯಾಗಿತ್ತು. ಇನ್ನೊಂದು ತಂಬಿಗೆ ನೀರು ಕೊಡುತ್ತೀರಾ ಎಂದು ಕೇಳಿದೆ. ಅವರು ಎದ್ದು ಒಳಗೆ ಹೋದರು.